ಎರವಲು ಜರ್ಸಿ

12 ಅಕ್ಟೋಬರ್ 2024, ಶನಿವಾರ. ಅಡಿಲೇಡ್

ಸೀಸನ್ನಿನ ಮೊದಲ ಆಟ. ಅಡಿಲೇಡ್ ಗೆದ್ದಿತು. ನಾನು ಆಡಲಿಲ್ಲ.

ಆಟಕ್ಕೆ ಮೊದಲು ಕೋಚ್ ಬ್ರಾನ್ ಬಂದು ಭುಜ ತಟ್ಟಿ, "ಇವತ್ತು ಗೋಲಲ್ಲಿ ಮ್ಯಾಡಿ ನಿಲ್ತಾಳೆ ಹ್ಯಾಮ್ಸ್, ನೀನು ಗೇಟ್ ನೋಡ್ಕೋ," ಅಂದಳು. ಹೇಳಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಎಲ್ಲರ ಬಾಯಲ್ಲೂ ನಾನೇ ಕನ್ನಡ ಆಡಿಸುತ್ತಿದ್ದೇನೆ. ಹಂಸಾ ಹೋಗಿ ಹ್ಯಾಮ್ಸ್ ಆಗಿದೆ. ಈ ದೇಶದಲ್ಲಿ ಯಾರ ಹೆಸರೂ ಇಡಿಯಾಗಿ ಉಳಿಯುವುದಿಲ್ಲ. ಬ್ರಾನ್‌ವಿನ್ನೇ ಬ್ರಾನ್ ಆಗಿರುವಾಗ ನನ್ನದೇನು ಮಹಾ.

ಕನ್ನಡದಲ್ಲಿ ಬರೆಯುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ವಿಮಾನದಲ್ಲಿ ಪಕ್ಕದವರು ಇಣುಕಿದರೆ ತಿಳಿಯಬಾರದು, ಅಷ್ಟೇ. ಮೈಸೂರಿನಲ್ಲಿ ಏಳನೇ ಕ್ಲಾಸು ಮುಗಿಸಿ ಪರ್ತ್‌ಗೆ ಬಂದವಳು; ಒತ್ತಕ್ಷರಗಳು ಇನ್ನೂ ಕೈಕೊಟ್ಟಿಲ್ಲ. ಐಸ್ ಹಾಕಿ ಕಲಿತದ್ದು ಪರ್ತ್‌ನಲ್ಲಿ. ಕೆನಡಾದ ಯೂನಿವರ್ಸಿಟಿಯ ಟೀಮಿನಲ್ಲಿ ನಾಲ್ಕು ವರ್ಷ ಗೋಲು ಕಾಯ್ದೆ. ಆಮೇಲೆ ಸ್ವೀಡನ್ನಿನ ಒಂದು ಸಣ್ಣ ಊರು. ಅರ್ಧ ಸೀಸನ್ನಿಗೆ ಸಾಕು ಅಂದರು. ಆಮೇಲೆ ಬ್ರಿಸ್ಬೇನ್; ಎರಡು ವರ್ಷವಾದ ಮೇಲೆ ನನ್ನ ಜಾಗಕ್ಕೆ ಚಿಕ್ಕ ಹುಡುಗಿಯೊಬ್ಬಳನ್ನು ತಂದರು. ಈಗ ಇಲ್ಲಿ ಎರಡನೇ ಗೋಲಿ. ಗೋಲ್‌ಕೀಪರ್ ಅಂತ ಪೂರ್ತಿ ಹೇಳುವಷ್ಟು ವ್ಯವಧಾನ ಹಾಕಿಯವರಿಗೆ ಇಲ್ಲ. ನನ್ನ ಇಡೀ ಆಟ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ ಎಂದು ಬರೆಯುವ ತನಕ ಗೊತ್ತಿರಲಿಲ್ಲ.

ಎರಡನೇ ಗೋಲಿಯ ಕೆಲಸ ಬೆಂಚಿನ ಗೇಟು. ಐಸ್ ಮೇಲೆ ಐವರು ಓಡಾಡುತ್ತಾರೆ, ನಿಮಿಷ ತುಂಬುವ ಮೊದಲೇ ಏದುಸಿರು ಬಿಡುತ್ತ ಬೆಂಚಿಗೆ ಬರುತ್ತಾರೆ, ಬೇರೆಯವರು ಹೋಗುತ್ತಾರೆ. ಬರುವವರಿಗೆ ಗೇಟು ತೆಗೆಯಬೇಕು, ಹಾಕಬೇಕು. ಮೈತುಂಬ ಪ್ಯಾಡು ಕಟ್ಟಿಕೊಂಡು, ಮದುವೆಮನೆ ಬಾಗಿಲಲ್ಲಿ ಪನ್ನೀರುದಾನಿ ಹಿಡಿದವರ ಹಾಗೆ ನಿಂತಿದ್ದೆ.

ಇದೇ ಕೊನೆಯ ಸೀಸನ್ನು ಅಂತ ಅಪ್ಪ ಅಮ್ಮನಿಗೆ ಹೇಳಿಯಾಗಿದೆ. ಮಾರ್ಚಿಗೆ ಪರ್ತ್, ಫಿಸಿಯೋಥೆರಪಿ ಕೋರ್ಸು. ಅದಕ್ಕೆ ಮೊದಲು ಒಂದೇ ಒಂದು ಆಟ, ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಗೋಲಿನಲ್ಲಿ ನಿಲ್ಲಬೇಕು. ಇಷ್ಟೇ ಬೇಕಿರುವುದು. ಸಿಗದಿದ್ದರೆ ಅಳುತ್ತೇನೆ ಅಂತಲೂ ಅಲ್ಲ. ಅಳು ಬಂದು ಬಹಳ ಕಾಲವಾಯಿತು.

1 ನವೆಂಬರ್, ಶುಕ್ರವಾರ. ಅಡಿಲೇಡ್

ಹೊಟ್ಟೆಪಾಡಿನ ಲ್ಯಾಬ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಸ್ತೂರಿ ಆಂಟಿಯ ಮನೆ ತುಂಬಿತ್ತು. ಆಂಟಿ ಅಮ್ಮನ ಜೊತೆ ಮೆಡಿಕಲ್ ಓದಿದವರು. ಬ್ಲೇರ್ ಅಥಾಲ್ ಬಡಾವಣೆಯ ಅವರ ಮನೆಯ ಹಿಂದಿನ ರೂಮಿನಲ್ಲೇ ನಾನಿರುವುದು. ದೀಪಾವಳಿಗೆ ಕರೆದಿದ್ದ ಎಲ್ಲರಿಗೂ ನನ್ನನ್ನು ತೋರಿಸಿದರು. "ಇಂದುಮತಿ ಮಗಳು. ಐಸ್ ಹಾಕಿ ಆಡ್ತಾಳೆ!"

"ಅಡಿಲೇಡ್‌ನಲ್ಲಿ ಐಸ್ ಎಲ್ಲಿದೆಯಮ್ಮಾ?" ಅಂದರು ಉಮಾಪತಿ ಅಂಕಲ್. "ಅದ್ಸರಿ, ಎಷ್ಟು ಗೋಲ್ ಹೊಡ್ದೆ?"

"ನಾನು ಹೊಡಿಯಲ್ಲ ಅಂಕಲ್. ತಡೀತೀನಿ."

"ಈ ವರ್ಷ ಎಷ್ಟು ತಡ್ದೆ?"

"ಇನ್ನೂ ಒಂದೂ ಇಲ್ಲ."

ಪಾಪ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಹೋಳಿಗೆ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಇದ್ದಿರಬೇಕು.

17 ನವೆಂಬರ್, ಭಾನುವಾರ. ಬ್ರಿಸ್ಬೇನ್

ನಾನು ಎರಡು ವರ್ಷ ಆಡಿದ ರಿಂಕು. ಹೊರಗೆ ಬೆವರು ಆರದಷ್ಟು ಸೆಕೆ, ಒಳಗೆ ಐಸಿನ ಮೇಲೆ ಮೊಣಕಾಲೆತ್ತರ ಮಂಜು. ಹಳೆಯ ಟೀಮಿನವರು ಕೈಬೀಸಿದರು. ನಾನೂ ಬೀಸಿದೆ.

ಕೊನೆಯ ಹತ್ತು ನಿಮಿಷ ಇದ್ದಾಗ ಸಮ ಇತ್ತು. ನಾನು ಗೇಟಿನಲ್ಲಿ ನಿಂತು ಆಟ ನೋಡುತ್ತಿರಲಿಲ್ಲ, ನನ್ನ ಹಳೆಯ ಗೋಲು ನೋಡುತ್ತಿದ್ದೆ. ಅಲ್ಲಿ ಈಗ ಆ ಚಿಕ್ಕವಳು ನಿಂತಿದ್ದಳು. ಅವಳು ಎಡಗಾಲು ಊರುವುದು ತಡವಾಗುತ್ತದೆ, ಯಾರೂ ತಿದ್ದಿಲ್ಲ ಅಂದುಕೊಳ್ಳುತ್ತಿದ್ದೆ. ಕ್ಯಾಪ್ಟನ್ ಟೀಗನ್ ನಮ್ಮ ಕಡೆಗೆ ಬರುತ್ತಿದ್ದಾಳೆ ಅನ್ನಿಸಿ ಗೇಟು ತೆಗೆದೆ. ಅವಳು ಬರುತ್ತಿರಲಿಲ್ಲ, ಪಕ್ಕಿನ, ಅಂದರೆ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆಯ, ಹಿಂದೆ ತಿರುಗುತ್ತಿದ್ದಳು. ಗೇಟು ತೆರೆದದ್ದೇ ಸಾಕು, ಅವಳ ಬದಲಿಗೆ ಹೋಗಬೇಕಿದ್ದವಳು ಹಾರಿದಳು. ಐವರು ಇರಬೇಕಾದಲ್ಲಿ ಆರು ಜನ. ಸೀಟಿ. ದಂಡವಾಗಿ ಎರಡು ನಿಮಿಷ ಒಬ್ಬರನ್ನು ಕಡಿಮೆ ಇಟ್ಟುಕೊಂಡು ಆಡಬೇಕು. ಆ ಎರಡು ನಿಮಿಷದಲ್ಲೇ ಬ್ರಿಸ್ಬೇನ್ ಗೋಲು ಹೊಡೆಯಿತು. ಅಡಿಲೇಡ್ ಸೋತಿತು.

ಬ್ರಾನ್ ಬೈದಿದ್ದರೆ ವಾಸಿಯಿತ್ತೇನೋ. ಗೇಟು ತೆಗೆಯುವುದಕ್ಕೂ ಬಾರದವಳಿಗೆ ಗೋಲು ಯಾರು ಕೊಡುತ್ತಾರೆ?

ವಿಮಾನದಲ್ಲಿ ಟೀಗನ್ ಪಕ್ಕದ ಸೀಟಿಗೆ ಬಂದು ಕೂತಳು. ಎಲೆಕ್ಟ್ರಿಷಿಯನ್ ಅವಳು, ಬೆರಳುಗಳಲ್ಲೆಲ್ಲ ಸಣ್ಣ ಗಾಯ. "ನಾನು ಬರೋವಾಗ ಬೆಂಚಿನ ಮುಂದಿನ ಬೋರ್ಡಿಗೆ ಸ್ಟಿಕ್ ಎರಡು ಸಲ ಬಡೀತೀನಿ. ಅದು ಕೇಳಿದ್ಮೇಲೆ ತೆಗಿ," ಅಂದಳು.

"ಅಷ್ಟೇನಾ?"

"ಅಷ್ಟೇ. ಕಾಫಿ ತರ್ಲಾ?"

28 ನವೆಂಬರ್, ಗುರುವಾರ. ಅಡಿಲೇಡ್

ಪ್ರಾಕ್ಟೀಸ್. ಆಟದ ದಿನ ಮ್ಯಾಡಿ ನಿಲ್ಲುವುದರಿಂದ ಅವಳ ಕೈಕಾಲು ಉಳಿಸಬೇಕಂತೆ. ಹಾಗಾಗಿ ಪ್ರಾಕ್ಟೀಸಿನಲ್ಲಿ ಹೊಡೆಸಿಕೊಳ್ಳುವುದೆಲ್ಲ ನನ್ನ ಪಾಲು. ಅವರು ಹೊಡೆಯುತ್ತಾರೆ, ನಾನು ತಡೆಯುತ್ತೇನೆ, ಮತ್ತೆ ಹೊಡೆಯುತ್ತಾರೆ. ಟೀಗನ್ ಭುಜ ಇಳಿಸಿದಳೆಂದರೆ ಪಕ್ಕು ನನ್ನ ಎಡಗೈ ಮೇಲಕ್ಕೆ ಬರುತ್ತದೆ. ಪ್ರಣತಿ ಯಾವಾಗಲೂ ಕಾಲಿನ ನಡುವೆಯೇ ನುಗ್ಗಿಸಲು ನೋಡುತ್ತಾಳೆ.

ಈ ಪ್ರಣತಿ ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ. ಡಿಫೆನ್ಸಿನಲ್ಲಿ ಆಡುತ್ತಾಳೆ. ನಾನು "ಏನೇ, ನಿಧಾನಕ್ಕೆ ಹೊಡಿಯೇ," ಅಂದರೆ "ನೋ ಚಾನ್ಸ್, ಅಕ್ಕಾ," ಅನ್ನುತ್ತಾಳೆ. ಅವಳಿಗೆ ಬರುವ ಕನ್ನಡ ಆ ಅಕ್ಕಾ ಒಂದೇ ಅಂತ ಕಾಣುತ್ತದೆ.

15 ಡಿಸೆಂಬರ್, ಭಾನುವಾರ. ಅಡಿಲೇಡ್

ನಲವತ್ತೊಂದು ಡಿಗ್ರಿ. ನಾನು ಸ್ವೆಟರು ತೆಗೆದುಕೊಳ್ಳುವುದನ್ನು ನೋಡಿ ಕಸ್ತೂರಿ ಆಂಟಿ, "ಈ ಬಿಸ್ಲಲ್ಲಿ ಉಣ್ಣೆ ಹೊತ್ಕೊಂಡು ಹೋಗೋಳು ಊರಿಗೆಲ್ಲಾ ನೀನೊಬ್ಳೇ. ಸರ್ವೋ ಹತ್ರ ನಿಂತ್ಕೋಬೇಡ, ಹುಚ್ಚಿ ಅಂದ್ಕೋತಾರೆ," ಅಂದರು. ಪೆಟ್ರೋಲ್ ಬಂಕಿಗೆ ಸರ್ವೋ ಅನ್ನುವಷ್ಟು ಆಂಟಿಯೂ ಈ ಊರಿನವರಾಗಿದ್ದಾರೆ.

ಸಿಡ್ನಿ ವಿರುದ್ಧ ಗೆಲುವು. ಗೇಟಿನ ಹತ್ತಿರ ಯಾರೂ ಒಂದು ಕ್ಷಣವೂ ಕಾಯಲಿಲ್ಲ. ಟೀಗನ್ ಬಡಿಯುತ್ತಾಳೆ. ಪ್ರಣತಿ ಬಡಿಯುವುದಿಲ್ಲ, ಆದರೆ ಸುಸ್ತಾದಾಗ ಅವಳ ತಲೆ ಬಲಕ್ಕೆ ವಾಲುತ್ತದೆ. ಉದ್ದನೆಯ ಜೋ ಹಿಮ್ಮುಖವಾಗಿ ಬರುತ್ತಾಳೆ, ಅವಳಿಗೆ ಗೇಟನ್ನು ಪೂರ್ತಿ ತೆಗೆದು ಬೆನ್ನಿಗೆ ಕೈ ಕೊಡಬೇಕು. ಎರಡನೇ ಅವಧಿಯಲ್ಲಿ ಟೀಗನ್ ಎಡಮೊಣಕಾಲು ಎಳೆಯುತ್ತಿದ್ದಳು. ಅವಳು ಕೇಳುವ ಮೊದಲೇ ಐಸ್ ಚೀಲ ಸಿದ್ಧ ಮಾಡಿಟ್ಟೆ. ನಮ್ಮವರು ಸುಸ್ತಾದರೆ ಮಾತು ನಿಲ್ಲಿಸುತ್ತಾರೆ, ಸಿಡ್ನಿಯವರು ಬೈಯಲು ಶುರುಮಾಡುತ್ತಾರೆ.

ನನ್ನನ್ನು ಆಡಿಸುತ್ತೀಯಾ ಎಂದು ಬ್ರಾನ್‌ಳನ್ನು ಇವತ್ತು ಕೇಳಬೇಕೆಂದಿದ್ದೆ. ಜೋ ಹಾಕಿದ್ದ ಸ್ಕೇಟಿನ ಲೇಸು ತುಂಡಾಗಿ, ಹೊಸದು ಹುಡುಕುವುದರಲ್ಲಿ ಮರೆತೇಹೋಯಿತು.

11 ಜನವರಿ 2025, ಶನಿವಾರ. ಪರ್ತ್

ಸ್ವಂತ ಊರಿನಲ್ಲಿ ಆಟ. ಅಮ್ಮ ತನ್ನ ಕ್ಲಿನಿಕ್ಕಿನ ಜ್ಯೋತ್ಸ್ನಾ ಆಂಟಿಯನ್ನೂ ಅವರ ಮನೆಯವರನ್ನೂ ಕರೆದುಕೊಂಡು ಬಂದಿದ್ದಳು. ಆಡುವುದಿಲ್ಲ ಕಣಮ್ಮ ಎಂದು ನಾನು ಹೇಳಿದ್ದೆ. "ಸುಮ್ನಿರು, ಊರಲ್ಲಿ ಆಡಿಸ್ದೇ ಇರ್ತಾರಾ?" ಅಂದಿದ್ದಳು.

ಆಡಿಸಲಿಲ್ಲ. ಬೆಂಚಿನ ಹಿಂದೆಯೇ ಅವರೆಲ್ಲ ಕೂತದ್ದರಿಂದ ಎಲ್ಲ ಕೇಳಿಸುತ್ತಿತ್ತು. "ಇಂದೂ, ಗೇಟ್ ತೆಗಿಯೋಕ್ಕೆ ಕೆನಡಾವರ್ಗೂ ಹೋಗಿ ಓದ್ಬೇಕಿತ್ತೇನೇ?" ಅಂದರು ಜ್ಯೋತ್ಸ್ನಾ ಆಂಟಿ. ಕೆಟ್ಟ ಮನಸ್ಸಿನಿಂದಲ್ಲ, ಅವರ ಮಾತೇ ಹಾಗೆ. ಅಮ್ಮ ನಕ್ಕಳು. ಅಪ್ಪ ಮಾತ್ರ ಫೋನು ಹಿಡಿದು ನಾನು ಗೇಟು ತೆಗೆಯುವುದನ್ನೇ ವಿಡಿಯೋ ಮಾಡುತ್ತಿದ್ದರು.

ಪರ್ತ್ ಗೆದ್ದಿತು. ಮ್ಯಾಡಿ ಎರಡು ಸುಲಭದ ಗೋಲು ಬಿಟ್ಟಳು. ಒಳಗೊಳಗೇ ಖುಷಿಯಾಗಬೇಕಿತ್ತು. ಬಾತ್‌ರೂಮಿನಲ್ಲಿ ಅವಳು ಅಳುತ್ತಿದ್ದಳು. ಬಾಗಿಲ ಹೊರಗೆ ನಿಂತು, ಗೋಲಿನಲ್ಲಿ ಎಡಗಾಲಿಗೆ ಎಷ್ಟು ತೂಕ ಹಾಕಬೇಕೆಂದು ಸ್ವಲ್ಪ ಹೇಳಿದೆ. ಯಾಕೆ ಹೇಳಿದೆನೋ.

12 ಜನವರಿ, ಭಾನುವಾರ. ಪರ್ತ್

ಅಪ್ಪ ಬೆಳಿಗ್ಗೆ ಫ್ರೀಮ್ಯಾಂಟಲ್‌ಗೆ ಕರೆದುಕೊಂಡು ಹೋದರು. ಬಂದರಿನ ಕ್ರೇನುಗಳನ್ನು ನೋಡುತ್ತ ಚಿಪ್ಸ್ ತಿಂದೆವು. ಅಪ್ಪ ಪೋರ್ಟಿನಲ್ಲೇ ಎಂಜಿನಿಯರು. ರಜದ ದಿನವೂ ಕ್ರೇನನ್ನೇ ನೋಡುತ್ತಾರೆ.

"ಪುಟ್ಟಿ, ಬೇಜಾರಾಗಲ್ವಾ?" ಅಂತ ಕೇಳಿದರು.

"ಇಲ್ಲಪ್ಪ."

"ಬೇಜಾರಾದ್ರೂ ಪರವಾಗಿಲ್ಲ. ಏನೂ ಆಗ್ತಿಲ್ಲ ಅಂತೀಯಲ್ಲ, ಅದಕ್ಕೇ ನಂಗೆ ಭಯ."

ಇನ್ನೊಂದು ಪ್ಲೇಟ್ ಚಿಪ್ಸ್ ತರುತ್ತೇನೆಂದು ಎದ್ದೆ. ಸಾಲು ಉದ್ದವಿತ್ತು, ಒಳ್ಳೆಯದಾಯಿತು.

30 ಜನವರಿ, ಗುರುವಾರ. ಅಡಿಲೇಡ್

ಪ್ರಾಕ್ಟೀಸ್ ರದ್ದು; ರಿಂಕಿನ ಕೂಲಿಂಗ್ ಕೆಟ್ಟು ಐಸ್ ಕರಗಿದೆ. ಟೀಗನ್ ಎಲ್ಲರನ್ನೂ ಟ್ರ್ಯಾಮಿಗೆ ಹತ್ತಿಸಿ ಗ್ಲೆನೆಲ್ಗ್ ಬೀಚಿಗೆ ಕರೆದುಕೊಂಡು ಹೋದಳು. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯಿಂದ ಎಲ್ಲರೂ ನೀರಿಗೆ ಹಾರಿದರು. ಪ್ರಣತಿ ನನ್ನನ್ನು ಹಿಂದಿನಿಂದ ತಳ್ಳಿದಳು. ಬಾಯಲ್ಲಿ ಉಪ್ಪುನೀರು. ಮೇಲೆ ಬಂದಾಗ ಜೋ ನಗುತ್ತಿದ್ದಳು, ಇನ್ನೊಬ್ಬರು ಯಾರೋ ಗಟ್ಟಿಯಾಗಿ ನಗುತ್ತಿರುವುದು ಕೇಳಿಸಿತು. ನಾನೇ.

ಟೀಗನ್ ಮಾತ್ರ ನೀರಿಗೆ ಇಳಿಯಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮೇಲೆ ಕೂತಿದ್ದಳು. ಅವಳಿಗೂ ಇದೇ ಕೊನೆಯ ವರ್ಷವಂತೆ, ಏಪ್ರಿಲ್‌ನಲ್ಲಿ ಆಪರೇಷನ್ನು. "ಹನ್ನೊಂದು ಸೀಸನ್ ಆಡ್ದೆ ಹ್ಯಾಮ್ಸ್, ಒಂದ್ಸಲಾನೂ ಫೈನಲ್ಸ್ ನೋಡಿಲ್ಲ," ಅಂದಳು. ಉಳಿದಿರುವುದು ಪರ್ತ್ ಜೊತೆಗಿನ ಒಂದೇ ಆಟ. ಗೆದ್ದರೆ ಫೈನಲ್ಸ್, ಸೋತರೆ ಮನೆ. ಪರ್ತ್ ಆಗಲೇ ಹೊರಬಿದ್ದಿದೆ, ಅವರಿಗೆ ಈ ಆಟದಿಂದ ಆಗಬೇಕಾದ್ದು ಏನೂ ಇಲ್ಲ.

ನನಗೆ ಆಟ ಸಿಗುವುದಿಲ್ಲ ಅನ್ನುವುದೂ ಇದರಿಂದ ತೀರ್ಮಾನವಾಯಿತು. ಇಂಥ ಆಟಕ್ಕೆ ಯಾರಾದರೂ ಗೋಲಿಯನ್ನು ಬದಲಾಯಿಸುತ್ತಾರೆಯೇ? ಅದಿರಲಿ, ಟೀಗನ್‌ಗೆ ಫೈನಲ್ಸ್ ಸಿಗಲಿ.

8 ಫೆಬ್ರವರಿ, ಶನಿವಾರ. ಅಡಿಲೇಡ್

ಇವತ್ತು ಬರೆಯಲಾರೆ.

9 ಫೆಬ್ರವರಿ, ಭಾನುವಾರ. ಅಡಿಲೇಡ್

ಕ್ರಮವಾಗಿ ಬರೆಯಲು ನೋಡುತ್ತೇನೆ.

ನಿನ್ನೆ ಮಧ್ಯಾಹ್ನ ಆಟಕ್ಕೆ ಮೊದಲು ಎರಡೂ ಟೀಮು ಮೈ ಬಿಸಿಮಾಡಿಕೊಳ್ಳುತ್ತಿದ್ದಾಗ ಪರ್ತ್ ಗೋಲಿಯ ಹೆಬ್ಬೆರಳಿಗೆ ಪಕ್ಕು ಬಡಿಯಿತು. ಗ್ಲೌವ್ ತೆಗೆದು ನೋಡಿದರೆ ಬೆರಳು ಸೊಟ್ಟಗಾಗಿತ್ತು. ಅವರು ಕರೆತಂದಿದ್ದದ್ದು ಒಬ್ಬಳನ್ನೇ. ಇನ್ನೊಬ್ಬಳಿಗೆ ಏನೋ ಪರೀಕ್ಷೆಯಂತೆ. ಗೋಲಿ ಇಲ್ಲದಿದ್ದರೆ ಓಡಾಡಿ ಆಡುವ ಯಾರಿಗಾದರೂ ಪ್ಯಾಡು ಕಟ್ಟಿ ನಿಲ್ಲಿಸಬೇಕು. ಅಂಥವರ ಮೇಲೆ ನಮ್ಮವರು ಹತ್ತು ಗೋಲಾದರೂ ಹಾಕುತ್ತಿದ್ದರು.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಬೇರೆ ಊರಿಂದ ಬಂದ ಟೀಮಿನ ಗೋಲಿಗೆ ಏಟಾದರೆ, ಆಟ ನಡೆಯುವ ಊರಿನ ಟೀಮು ತನ್ನ ಎರಡನೇ ಗೋಲಿಯನ್ನು ಎರವಲು ಕೊಡುತ್ತದೆ, ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ. ಹೋಗುವವಳು ಒಪ್ಪಬೇಕು, ಅಷ್ಟೇ. ಪರ್ತ್ ಕೋಚ್ ಬಂದು ಕೇಳಿದಳು. ಬ್ರಾನ್ ನನ್ನನ್ನು ಕಾರಿಡಾರಿಗೆ ಕರೆದಳು. ಜೊತೆಗೆ ಟೀಗನ್ನೂ ಬಂದಳು.

"ಇದು ನಿನಗೆ ಬಿಟ್ಟದ್ದು," ಅಂದಳು ಬ್ರಾನ್. "ಹೂಂ ಅನ್ನು ಅಂತಾನೂ ಹೇಳಲ್ಲ, ಬೇಡ ಅನ್ನು ಅಂತಾನೂ ಹೇಳಲ್ಲ."

ಟೀಗನ್ ನನ್ನ ಮುಖ ನೋಡಲಿಲ್ಲ. "ಬೇಡ ಅಂದ್ರೆ ಯಾರೂ ತಪ್ಪು ತಿಳ್ಕೊಳಲ್ಲ ಹ್ಯಾಮ್ಸ್," ಅಂದಳು.

ನಾನು ಯೋಚಿಸಿದೆನೇ? ಇಲ್ಲ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅನ್ನುವುದು ಹೊಳೆಯುವಷ್ಟರಲ್ಲಿ ಬಾಯಿ "ಆಡ್ತೀನಿ" ಅಂದಾಗಿತ್ತು. ಒಂದು ಆಟ. ಅಷ್ಟೇ ಕೇಳಿದ್ದೆ. ಯಾವ ಟೀಮಿಗೆ ಅಂತ ಹೇಳುವುದನ್ನು ಮರೆತಿದ್ದೆ.

ಪರ್ತ್‌ನವರು ಒಂದು ಜರ್ಸಿ ಕೊಟ್ಟರು. ಬೆನ್ನ ಮೇಲೆ ಹೆಸರಿರಲಿಲ್ಲ. ಭುಜಕ್ಕೆ ದೊಡ್ಡದಾಗಿತ್ತು.

ಐಸ್ ಮೇಲೆ ಹೋಗಿ ನಿಂತೆ. ಮೊದಲ ಪಕ್ಕು ಎದೆಗೆ ಬಡಿಯಿತು, ಅಲ್ಲಿಂದ ಬೇರೇನೂ ನೆನಪಿರಲಿಲ್ಲ. ಎಲ್ಲ ನಿಧಾನವಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಜೋ ಎಲ್ಲಿಗೆ ಹೊಡೆಯುತ್ತಾಳೆಂದು ಅವಳಿಗೆ ಗೊತ್ತಾಗುವ ಮೊದಲು ನನಗೆ ಗೊತ್ತಾಗುತ್ತಿತ್ತು. ಪ್ರಣತಿ ಕಾಲ ನಡುವೆ ನುಗ್ಗಿಸಿದಳು, ಕಾಲು ಮುಚ್ಚಿದೆ. "ಅಕ್ಕಾ, ಕಮ್ ಆನ್!" ಅಂತ ಕಿರುಚಿದಳು. ವರ್ಷವಿಡೀ ಪ್ರಾಕ್ಟೀಸಿನಲ್ಲಿ ಹೊಡೆಸಿಕೊಂಡವಳು ನಾನು. ಇಡೀ ದೇಶದಲ್ಲಿ ಇವರನ್ನು ತಡೆಯಲು ನನ್ನಷ್ಟು ತಯಾರಾದ ಗೋಲಿ ಇನ್ನೊಬ್ಬಳಿಲ್ಲ. ಅದನ್ನು ಆ ಹೊತ್ತಿಗೆ ಅವರೂ ತಿಳಿದರು, ನಾನೂ ತಿಳಿದೆ.

ಎರಡನೇ ಅವಧಿಯಲ್ಲಿ ಒಮ್ಮೆ ಆಟ ಆ ತುದಿಗೆ ಹೋಗಿದ್ದಾಗ ಬೆಂಚಿನ ಕಡೆ ಕಣ್ಣು ಹೋಯಿತು. ಟೀಗನ್ ಬಂದು ಬೋರ್ಡಿಗೆ ಬಡಿದಳು. ಗೇಟು ತೆಗೆಯಲು ಯಾರೂ ಇರಲಿಲ್ಲ. ಕೆಟ್ಟ ಮೊಣಕಾಲನ್ನು ಬೋರ್ಡಿನ ಮೇಲೆತ್ತಿ ದಾಟಿ ಒಳಗೆ ಬಿದ್ದಳು. "ಗೇಟ್!" ಎಂದು ನಾನು ಕೂಗಿದೆ, ಈ ತುದಿಯ ಗೋಲಿನಿಂದ, ಬೇರೆಯವರ ಜರ್ಸಿ ಹಾಕಿಕೊಂಡು. ಯಾರಿಗೂ ಕೇಳಿಸಲಿಲ್ಲ.

ಪರ್ತ್ ಎರಡು ಗೋಲು ಹಾಕಿತು. ನಮ್ಮ ಜೋ ಒಂದು ಹಾಕಿದಳು, ನನ್ನ ಕಾಲಿಗೇ ತಾಗಿ ಒಳಹೋಯಿತು. ಕೊನೆಯ ನಿಮಿಷದಲ್ಲಿ ಟೀಗನ್ ಒಬ್ಬಳೇ ಪಕ್ಕು ತೆಗೆದುಕೊಂಡು ಬಂದಳು, ಮಧ್ಯೆ ಯಾರೂ ಇರಲಿಲ್ಲ. ಅದು ಹೋದರೆ ಸಮ, ಆಮೇಲೆ ಹೆಚ್ಚುವರಿ ಆಟ, ಅದರಲ್ಲಿ ಏನಾದರೂ ಆಗಬಹುದಿತ್ತು. ಅವಳು ಭುಜ ಇಳಿಸಿದಳು. ಬಿಡಬಹುದಿತ್ತು. ಕಣ್ಣು ಮಿಟುಕಿಸುವಷ್ಟು ತಡಮಾಡಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡಬೇಕು ಅಂದುಕೊಂಡೆನೋ ಇಲ್ಲವೋ, ದೇವರಾಣೆ ಗೊತ್ತಿಲ್ಲ. ಎಡಗೈ ಹೋಗಿಬಿಟ್ಟಿತು. ಗ್ಲೌವ್ ತೆರೆದು ನೋಡಿದೆ. ಪಕ್ಕು ಒಳಗಿತ್ತು.

ಸೀಟಿ ಊದಿದಾಗ ಪರ್ತ್‌ನ ಹುಡುಗಿಯರೆಲ್ಲ ನನ್ನ ಮೇಲೆ ಬಿದ್ದರು. ಒಬ್ಬಳ ಹೆಸರೂ ಗೊತ್ತಿಲ್ಲ ನನಗೆ. ಹೆಲ್ಮೆಟ್ಟಿನ ಮೇಲೆ ಬಡಿದು ಬಡಿದು ಹೊಗಳಿದರು.

ಆಮೇಲೆ ಸಾಲಾಗಿ ನಿಂತು ಕೈಕುಲುಕಬೇಕು. ನಾನು ಪರ್ತ್ ಸಾಲಿನ ಕೊನೆಗೆ ನಿಂತೆ. ಪ್ರಣತಿ ಕೈ ತಾಗಿಸಿ ಮುಂದೆ ಹೋದಳು. ಜೋ ಅಪ್ಪಿಕೊಂಡಳು. ಮ್ಯಾಡಿ ನೆಲ ನೋಡುತ್ತ ದಾಟಿದಳು. ಕೊನೆಗೆ ಟೀಗನ್. ಅವಳ ಮುಖವೆಲ್ಲ ಒದ್ದೆ. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ನಿನ್ನಂಥ ಗೋಲಿ ನಮ್ಮ ಹತ್ರ ಇದ್ದಿದ್ರೆ," ಅಂದಳು, "ನಾವು ಫೈನಲ್ಸ್‌ಗೆ ಹೋಗ್ತಿದ್ವಿ."

ಬೆಂಚಿನ ಪಕ್ಕದಲ್ಲಿ ನಿಂತಿದ್ದ ಬ್ರಾನ್‌ಗೆ ಅದು ಕೇಳಿಸಿತು. ಅವಳು ತಿರುಗಿ ಒಳಗೆ ಹೋದಳು.

ನನ್ನ ಬಟ್ಟೆ, ಚಪ್ಪಲಿ ಎಲ್ಲ ಅಡಿಲೇಡ್‌ನವರ ರೂಮಿನಲ್ಲಿತ್ತು. ಬಾಗಿಲ ತನಕ ಹೋದೆ, ಒಳಗೆ ಹೋಗಲಾಗಲಿಲ್ಲ. ಕಾರಿಡಾರಿನಲ್ಲಿ, ರಬ್ಬರ್ ಹಾಸಿನ ಮೇಲೆ ಪ್ಯಾಡಿನ ಸಮೇತ ಕೂತೆ. ಅಷ್ಟರಲ್ಲಿ ಅಮ್ಮನ ಫೋನು ಬಂತು. ಆಟ ನೋಡಲು ಬಂದು ನನ್ನ ಫೋನು ಇಟ್ಟುಕೊಂಡಿದ್ದ ಕಸ್ತೂರಿ ಆಂಟಿ ಅದನ್ನು ನನ್ನ ಕಿವಿಗೆ ಇಟ್ಟರು.

"ಪುಟ್ಟೀ! ಕಂಪ್ಯೂಟರ್‌ನಲ್ಲಿ ಪೂರ್ತಿ ನೋಡಿದ್ವಿ ಕಣೇ. ನಿಮ್ಮಪ್ಪ ಕೂತ್ಕೊಳ್ಲೇ ಇಲ್ಲ. ಗೆದ್ಬಿಟ್ಯಲ್ಲೇ!"

"ಸೋತ್ವಿ ಅಮ್ಮ."

"ಏನು ಸೋತಿದ್ದು? ಪರ್ತ್ ಎರಡು, ಅಡಿಲೇಡ್ ಒಂದು. ನೀನು ಪರ್ತ್‌ಗೇ ಅಲ್ವಾ ಆಡಿದ್ದು?"

"ಹೂಂ."

"ಮತ್ತೆ?"

"ನಾವು ಸೋತ್ವಿ ಅಮ್ಮ. ಟೀಗನ್‌ಗೆ ಇನ್ನು ಆಡಕ್ಕಾಗಲ್ಲ. ಹನ್ನೊಂದು ವರ್ಷ ಆಡಿದ್ಲು. ನಾನೇ ಹಿಡಿದ್ಬಿಟ್ಟೆ," ಅಂದೆ. ಅಷ್ಟರಲ್ಲಿ ಅಳು ಬಂತು. ಅಮ್ಮ ಏನೇನೋ ಕೇಳುತ್ತಿದ್ದಳು. ರೂಮಿನ ಬಾಗಿಲು ತೆರೆಯಿತು, ಯಾರೋ ನನ್ನ ಚಪ್ಪಲಿ ತಂದು ಪಕ್ಕದಲ್ಲಿಟ್ಟರು. ಯಾರೆಂದು ತಲೆಯೆತ್ತಿ ನೋಡಲು ಧೈರ್ಯವಾಗಲಿಲ್ಲ.